ಎರಡು ಭಾಗ ಮಾಡಿದ ಡಾಕ್ಟರ ಪುಸ್ತಕ

ಪುಸ್ತಕ ಕೊಳ್ಳುವವರಿಗೆ ಒಂದು ಮಾತು ಹೇಳುತ್ತೇನೆ, ಕೇಳಿದರೆ ನಿಮಗೇ ಲಾಭ. ಮೊದಲ ಪುಟ ನೋಡಿ ಮರುಳಾಗಬೇಡಿ. ಅದನ್ನು ಮಾರುವವನು ಹೇಗಾದರೂ ಮಾಡಿ ಚೆನ್ನಾಗಿ ಇಟ್ಟಿರುತ್ತಾನೆ. ಕೊನೆಯ ಪುಟ ಇದೆಯೇ ನೋಡಿ. ನಾನೇ ಮಾರುತ್ತಿದ್ದವನು, ಅದಕ್ಕೇ ಹೇಳುತ್ತಿದ್ದೇನೆ.

ಹೊನ್ನಾಳಿಯಲ್ಲಿ ನನ್ನದು ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ಒಂದು ದಬ್ಬಳ, ದಾರದ ಉಂಡೆ, ಅಂಟಿನ ಗಡಿಗೆ, ಇಷ್ಟರಿಂದ ಶುರು ಮಾಡಿದವನು ನಾನು. ರದ್ದಿಗೆ ಬಂದ ಹಳೆಯ ಕಾದಂಬರಿಗಳನ್ನು ಎತ್ತಿಕೊಂಡು ಬಂದು, ರಟ್ಟು ಹಾಕಿ, ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಸಂತೆಗಳಲ್ಲಿ ಮಾರುತ್ತಿದ್ದೆ, ಬಾಡಿಗೆಗೂ ಕೊಡುತ್ತಿದ್ದೆ. ಜಗಳೂರಿಗೆ ಎರಡು ಮೂರು ತಿಂಗಳಿಗೊಮ್ಮೆ ಹೋಗುತ್ತಿದ್ದೆ. ದಪ್ಪ ಪುಸ್ತಕ ಸಿಕ್ಕರೆ ಬಿಡಿಸಿ ಎರಡು ಭಾಗ ಮಾಡಿ ಹೊಲಿಯುತ್ತಿದ್ದೆ. ಓದುವವನು ಎರಡು ಸಲ ಬರಲೇಬೇಕು. ಎಲ್ಲಿ ಕತ್ತರಿಸಬೇಕು ಎಂಬುದರಲ್ಲೇ ಜಾಣತನವಿತ್ತು. ಓದುವವನ ಎದೆ ಡವಗುಟ್ಟುವ ಜಾಗ ಹುಡುಕಬೇಕು. ಪ್ರತಿ ಭಾಗದ ಕೊನೆಗೆ ನಾಲ್ಕು ಖಾಲಿ ಹಾಳೆ ಸೇರಿಸುತ್ತಿದ್ದೆ. ಓದಿದವರು ಅಭಿಪ್ರಾಯ ಬರೆಯಲಿ, ಅದನ್ನು ನೋಡಿ ಮುಂದಿನವರು ಒಯ್ಯಲಿ ಎಂದು.

ಆ ಪುಸ್ತಕದ ಹೆಸರಿನ ಪುಟ ಹರಿದುಹೋಗಿತ್ತು. ಎಲ್ಲರೂ ಅದನ್ನು ‘ಡಾಕ್ಟರ ಪುಸ್ತಕ’ ಎನ್ನುತ್ತಿದ್ದರು. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನ ಕಥೆ. ಎಳೆಯರು ಓದಲೆಂದು ಯಾರೋ ಇಂಗ್ಲಿಷಿನಿಂದ ಕನ್ನಡಕ್ಕೆ ತಂದದ್ದು. ಹಗಲಲ್ಲೂ ದೀಪ ಹಚ್ಚಬೇಕಾದಷ್ಟು ಮಂಜು. ಬಡವರ ಬೀದಿಯೊಂದರಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಕಾಣೆಯಾಗುತ್ತಾರೆ. ಅದೇ ಬೀದಿಗೆ ಕರಿ ಚೀಲದ ಡಾಕ್ಟರೊಬ್ಬ ಬಂದು, ಜ್ವರ ಬಾರದಿರಲೆಂದು ಪುಕ್ಕಟೆ ಸೂಜಿ ಚುಚ್ಚುತ್ತಿರುತ್ತಾನೆ. ತಬ್ಬಲಿಗಳಾದ ಅಕ್ಕ ತಮ್ಮ ಗುಟ್ಟು ಹುಡುಕಲು ಹೊರಡುತ್ತಾರೆ, ತಮ್ಮನೇ ಕಾಣೆಯಾಗುತ್ತಾನೆ. ಅಕ್ಕ ನೆಲಮಾಳಿಗೆಯ ಬಾಗಿಲ ಸಂದಿಯಲ್ಲಿ ಇಣುಕಿದರೆ, ಮಲಗಿದ ತಮ್ಮನ ಮೇಲೆ ಬಗ್ಗಿ ಡಾಕ್ಟರ ಸೂಜಿ ಎತ್ತಿದ್ದಾನೆ. ನಾನು ಅಲ್ಲಿಗೆ ಕತ್ತರಿಸಿದೆ.

ಕತ್ತರಿಸುವ ಜಾಗ ಸಿಕ್ಕ ಮೇಲೆ ಮುಂದಿನದನ್ನು ನಾನು ಓದಲಿಲ್ಲ. ಎರಡನೇ ಭಾಗವನ್ನು ಜಗಳೂರಿನ ದರ್ಜಿ ಸಾಹೇಬರೊಬ್ಬರು ಒಯ್ದವರು ತಿಂಗಳುಗಟ್ಟಲೆ ಇಟ್ಟುಕೊಂಡರು. ಮೊದಲ ಭಾಗ ಮಾತ್ರ ಉಳಿದ ಮೂರು ಊರು ಸುತ್ತುತ್ತಿತ್ತು. ಖಾಲಿ ಹಾಳೆಗಳು ತುಂಬಿದವು.

“ಡಾಕ್ಟರನೇ ಕೊಲೆಗಾರ. ಇದನ್ನು ಓದಿದ ಮೇಲೆ ನಮ್ಮ ಮನೆಯ ಹೆಂಗಸರು ಕಾಳು ತೆಗೆಯಲು ಹಗೇವಿಗೆ ಇಳಿಯುತ್ತಿಲ್ಲ” ಎಂದು ಚನ್ನಗಿರಿಯ ಒಬ್ಬರು. “ಬಾಲಕರ ಕೈಗೆ ಕೊಡತಕ್ಕ ಗ್ರಂಥವಲ್ಲ. ಎರಡು ಬಾರಿ ಓದಿದೆನು” ಎಂದು ನ್ಯಾಮತಿಯ ಮೇಷ್ಟರು. “ಪುಕ್ಕಟೆ ಔಷಧಿ ಕೊಡುವವರನ್ನು ನಂಬಬೇಡಿರಿ, ಇದೇ ನೀತಿ” ಎಂದು ಮತ್ತೊಬ್ಬರು. ಅದರ ಕೆಳಗೆ ಬೇರೆ ಬೇರೆ ಮಸಿಯಲ್ಲಿ ‘ಹೌದು’, ‘ನಿಜ’, ‘ನನ್ನದೂ ಇದೇ ಅಭಿಪ್ರಾಯ’. ಇವರಲ್ಲಿ ಒಬ್ಬರೂ ಎರಡನೇ ಭಾಗ ನೋಡಿದವರಲ್ಲ. ನಾನೂ ಸಂತೆಯಲ್ಲಿ ಕೂಗುತ್ತಿದ್ದೆ: “ಕಟ್ಟುಕಥೆ ಅಲ್ಲ ರೀ, ನಡೆದಿದ್ದು! ಲಂಡನ್ ಪೇಪರ್‌ನಾಗೆ ಬಂದಿತ್ತು!”

ನನ್ನ ಒಬ್ಬಳೇ ಮಗಳಿಗೆ ಆಗ ಹನ್ನೆರಡು ವರ್ಷ. ಹೊಲಿಗೆಯಲ್ಲಿ ನನಗಿಂತ ಚುರುಕು. ಮೊದಲ ಭಾಗವನ್ನೂ ಓದಿದ್ದಳು, ಅಭಿಪ್ರಾಯಗಳನ್ನೂ ಓದಿದ್ದಳು, ನನ್ನ ಕೂಗನ್ನೂ ಕೇಳಿದ್ದಳು.

ಯುದ್ಧದ ಕಾಲ ಅದು. ಸುಗ್ಗಿ ಮುಗಿಯುತ್ತಿದ್ದ ಹಾಗೆ ನಮ್ಮ ಓಣಿಯಲ್ಲಿ ಇಲಿ ಬಿತ್ತು. ಹಾಡುಹಗಲಲ್ಲಿ ತೂರಾಡುತ್ತ ಬಂದು ಬೀದಿಯ ನಡುವೆ ಬಿದ್ದು ಕಾಲು ಸೆಟೆಯಿತು. ಪ್ಲೇಗು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ; ಸಂಜೆಯೊಳಗೆ ಓಣಿಗೆ ಓಣಿಯೇ ಮನೆಗಳಿಗೆ ಬೀಗ ಹಾಕಿ, ಊರಾಚೆಯ ಹೊಲದಲ್ಲಿ ತಡಿಕೆಯ ಗುಡಿಸಲು ಹಾಕಿಕೊಂಡಿತು. ವಾರದೊಳಗೆ ಪಕ್ಕದ ಸಾಲಿನಲ್ಲಿ ಒಬ್ಬ ತಾಯಿ, ಮರುದಿನ ಅವಳ ಮಗು. ಕಂಕುಳಲ್ಲಿ ಗಂಟು, ಸುಡುವ ಜ್ವರ, ಎರಡೇ ದಿನ.

ಆಗ ಸರ್ಕಾರಿ ಡಾಕ್ಟರು ಬಂದರು, ಕರಿ ಚೀಲ ಹಿಡಿದು. ಪುಕ್ಕಟೆ ಸೂಜಿ. ಮೊದಲು ಹೆಂಗಸರಿಗೆ ಎಂದು ನನ್ನ ಹೆಂಡತಿಗೆ ಚುಚ್ಚಿದರು. ಮಗಳನ್ನು ಕರೆಯುವಷ್ಟರಲ್ಲಿ ಅವಳಿರಲಿಲ್ಲ.

ಗುಡಿಸಲುಗಳೆಲ್ಲ ಹುಡುಕಿದೆವು, ಹೊಳೆಯ ದಂಡೆಯನ್ನೂ ನೋಡಿಬಂದೆವು. ಮಧ್ಯಾಹ್ನ ನನಗೆ ಹೊಳೆಯಿತು. ಬೀಗ ಹಾಕಿದ ನಮ್ಮ ಮನೆಗೆ ಓಡಿದೆ. ಹಿತ್ತಿಲ ಬಾಗಿಲ ಅಗುಳಿ ಸರಿದಿತ್ತು. ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಒಳಗೆ ಕಾಲಿಟ್ಟರೆ ಮೂಗಿಗೆ ಹೊಡೆದ ವಾಸನೆ ಇವತ್ತಿಗೂ ಮರೆತಿಲ್ಲ. ಅಟ್ಟದ ಮೇಲೆ, ರದ್ದಿ ಕಾಗದದ ಕಟ್ಟುಗಳ ಹಿಂದೆ ಮುದುರಿ ಕೂತಿದ್ದಳು. ಅವಳ ಪಾದದಿಂದ ಮೊಳದೂರದಲ್ಲಿ ಎರಡು ಇಲಿ ಸತ್ತು ಉಬ್ಬಿದ್ದವು.

“ಇಳಿಯೇ! ಇಳಿ ಅಂದ್ರೆ!”

“ಡಾಕ್ಟ್ರು ಹೋದ್ರಾ?”

“ಹೋದ್ರು. ಇಳಿ, ನಮ್ಮವ್ವಾ.”

ಎತ್ತಿಕೊಂಡು ಬಂದು, ಹೊಲದ ಅಂಚಿನಲ್ಲೇ ಬಟ್ಟೆ ಬಿಚ್ಚಿಸಿ ಬಿಸಿನೀರು ಹುಯ್ಯಿಸಿದೆವು. ಇಲಿಯ ಚಿಗಟ ಕಚ್ಚಿದ್ದರೆ ಏನೂ ಮಾಡಲಾಗದು ಎಂದು ಗೊತ್ತಿತ್ತು.

ಇನ್ನೂ ಆಚೆಯ ಸಾಲಿನಲ್ಲೇ ಇದ್ದ ಡಾಕ್ಟರ ಬಳಿ ಓಡಿದರೆ ಅವರು, “ಒದ್ದಾಡೋ ಮಕ್ಕಳಿಗೆ ನಾನು ಚುಚ್ಚಲ್ಲ. ಮೊನ್ನೆ ಒಂದು ಸೂಜಿ ತೋಳೊಳಗೇ ಮುರೀತು. ನಾಲ್ಕು ದಿನ ಬಿಟ್ಟು ಬರ್ತೀನಿ, ಒಪ್ಪಿಸಿ ಇಟ್ಟಿರಿ” ಎಂದು ನ್ಯಾಮತಿಯ ಕಡೆ ಹೊರಟರು.

ಒಪ್ಪಿಸುವುದೇ ನನ್ನ ಕಸುಬು. ಆದರೆ ಮಗಳ ಮುಂದೆ ಅದು ನಡೆಯಲಿಲ್ಲ.

“ಅದು ಕಥೆ ಕಣೇ. ಕೊನೇಗೆ ಆ ಡಾಕ್ಟ್ರು ಒಳ್ಳೇನು ಅಂತ ಗೊತ್ತಾಗ್ತೈತೆ.”

“ನೀನ್ ಓದಿಯೇನಪ್ಪಾ?”

“…ಓದೀನಿ.”

“ಸುಳ್ಳು. ನೀನೇ ಸಂತೇಲಿ ನಡೆದಿದ್ದು ಅಂತಿದ್ದೆ. ಅಷ್ಟು ಜನ ದೊಡ್ಡೋರು ಸುಳ್ಳು ಬರೀತಾರಾ? ಅಮ್ಮಂಗೆ ಸೂಜಿ ಆದ್ಮೇಲೇ ಜ್ವರ ಬಂದಿದ್ದು.”

“ಮತ್ತೆ ಬಂದ್ರೆ ಅಟ್ಟಕ್ಕೇ ಹೋಗ್ತೀನಿ” ಎಂದಳು. ನನ್ನ ಹೆಂಡತಿ ಜ್ವರದಲ್ಲಿ ಮಲಗಿದ್ದವಳು, ತನ್ನ ಸೆರಗಿನ ತುದಿಯನ್ನು ಮಗಳ ಕೈಗೆ ಕಟ್ಟಿಕೊಂಡಳು.

ಎಳೆಯರ ಪುಸ್ತಕವಲ್ಲವೇ, ಕೊನೆಗೆ ಡಾಕ್ಟರ ಒಳ್ಳೆಯವನೇ ಆಗಿರಬೇಕು, ಎರಡನೇ ಭಾಗ ತಂದು ಕೈಗಿಟ್ಟರೆ ನಂಬಿಯಾಳು ಎಂದು ಮರುದಿನ, ಪೆಟ್ರೋಲು ಸಿಗದೆ ಆಗ ಓಡುತ್ತಿದ್ದ ಇದ್ದಿಲು ಗ್ಯಾಸಿನ ಬಸ್ಸು ಹತ್ತಿದೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಜಗಳೂರು ಸೇರಿದಾಗ ಇಳಿಹೊತ್ತು. ಸಾಹೇಬರು ಅಂಗಡಿಯಲ್ಲಿ ಕೂತು ಅದೇ ಪುಸ್ತಕವನ್ನು ಕೆಲಸದವರಿಗೆ ಓದಿ ಹೇಳುತ್ತಿದ್ದರು. ಮೂರನೇ ಸಲವಂತೆ.

“ಅರೆ, ಬಾರಪ್ಪಾ! ಏನು ಪುಸ್ತಕ ಅದು! ನಮ್ಮ ಹುಡುಗ ಒಬ್ಬ ಹೆದರಿ ಅಂಗಿ ತೋಳು ತಿರುವುಮುರುವು ಹೊಲಿದುಬಿಟ್ಟ!”

“ಸಾಹೇಬ್ರೆ, ಕೊನೇಗೆ ಆ ಡಾಕ್ಟ್ರು ಏನಾದ? ಒಳ್ಳೇನಾ?”

ಅವರು ಕನ್ನಡಕ ಮೇಲೆತ್ತಿ ನನ್ನನ್ನೇ ನೋಡಿದರು. “ನಾಲ್ಕೂರು ತಿರುಗಿ ಬಾಡಿಗೆಗೆ ಕೊಡೋನು ನೀನು, ನೀನೇ ಓದಿಲ್ವಾ? ಹೋಟ್ಲೋನು ತನ್ನ ಅಡಿಗೆ ಉಣ್ಣಲ್ಲ ಅಂದಂಗಾತು. ಓದ್ಕೋ ಹೋಗು!”

ರಾತ್ರಿ ಅವರ ಜಗಲಿಯಲ್ಲೇ ಮಲಗಿ, ಬೆಳಿಗ್ಗೆ ಬಸ್ಸಿನಲ್ಲಿ ಓದಿದೆ. ಡಾಕ್ಟರ ಒಳ್ಳೆಯವನಲ್ಲ. ಮಕ್ಕಳಿಗೆ ನಿದ್ದೆಯ ಸೂಜಿ ಚುಚ್ಚಿ ಹಡಗಿಗೆ ಮಾರುವವನು ಅವನೇ. ತಮ್ಮ ಬದುಕುತ್ತಾನೆ, ಉಳಿದ ಮಕ್ಕಳು ಸಿಗುವುದಿಲ್ಲ. ಓದಿದವರೆಲ್ಲ ಬರೆದದ್ದು ಹೆಚ್ಚುಕಡಿಮೆ ಸರಿಯಾಗಿಯೇ ಇತ್ತು.

ಕಿಸೆಯಲ್ಲಿ ಚಾಕು ಇತ್ತು. ಕೊನೆಯ ಎರಡು ಕಟ್ಟು ಹಾಳೆ ಕಿತ್ತರೆ ಡಾಕ್ಟರ ಒಳ್ಳೆಯವನೋ ಕೆಟ್ಟವನೋ ತಿಳಿಯದ ಹಾಗೆ ನಿಲ್ಲುತ್ತಿತ್ತು. ದಾವಣಗೆರೆಯಲ್ಲಿ ಬಸ್ಸು ಕಾಯುತ್ತ ಚಾಕು ಬಿಚ್ಚಿದೆ ಕೂಡ. ಆದರೆ ಆ ಭಾಗವನ್ನು ಹೊಲಿದವಳು ನನ್ನ ಮಗಳೇ. ಪುಸ್ತಕದ ಬೆನ್ನಿನ ಮೇಲೆ ಬೆರಳಾಡಿಸಿದರೆ ಸಾಕು, ಅವಳಿಗೆ ತಿಳಿಯುತ್ತಿತ್ತು. ಆಮೇಲೆ ನಾನು ಏನು ಹೇಳಿದರೂ ನಂಬುವವರಿಲ್ಲ. ಚಾಕು ಮಡಿಚಿದೆ.

ಸಂಜೆ ಗುಡಿಸಲಿನಲ್ಲಿ ಅವಳು ಒಂದೇ ಉಸಿರಿಗೆ ಕೊನೆಯವರೆಗೂ ಓದಿ, “ನಾನ್ ಹೇಳಿದ್ನೋ ಇಲ್ವೋ?” ಎಂದಳು.

“ಹೇಳಿದ್ದೆ. ಅವನು ಕೆಟ್ಟೋನೇ.”

“ಮತ್ಯಾಕೆ ತಂದೆ?”

“ಕೊನೇದು ಹರಿದು ತರಾಕೆ ನೋಡ್ದೆ. ಮನಸ್ಸು ಬರಲಿಲ್ಲ.”

ಅವಳು ಪುಸ್ತಕದ ಬೆನ್ನು ಮುಟ್ಟಿ ನೋಡಿದಳು. “ಲಂಡನ್ ಪೇಪರ್‌ನಾಗೆ ಬಂದಿತ್ತು ಅಂತಿದ್ಯಲ್ಲ?”

“ಅದು ಸುಳ್ಳು. ಲಂಡನ್ ಪೇಪರ್ ನಾನು ಕಣ್ಣಾಗೇ ಕಂಡಿಲ್ಲ. ಬಾಡಿಗೆ ಹೋಗ್ಲಿ ಅಂತ ಹೇಳ್ತಿದ್ದೆ. ಈ ಡಾಕ್ಟ್ರು ಆ ಡಾಕ್ಟ್ರಲ್ಲ ಮಗಾ.”

“ನೀನು ಯಾಕೆ ಚುಚ್ಚಿಸ್ಕಂಡಿಲ್ಲ?”

ಸಂತೆ ತಿರುಗಾಟ, ಪುರುಸೊತ್ತಿಲ್ಲ ಎಂದು ಎಲ್ಲರಿಗೂ ಹೇಳಿದ್ದೆ. ಅವಳಿಗೆ ಹೇಳಲಾಗಲಿಲ್ಲ. “ಹೆದರಿಕೆ” ಎಂದೆ.

“ನಂಗೊತ್ತಿತ್ತು. ಹಂಗಾದ್ರೆ ಮೊದ್ಲು ನೀನು. ಒಂದು ದಿನ ನೋಡ್ತೀನಿ. ಆಮೇಲೆ ನಾನು.”

“ಒಂದು ದಿನ ಡಾಕ್ಟ್ರು ನಿಲ್ಲಲ್ಲ. ಒಂದು ಗಳಿಗೆ.”

“ಬೆಳಿಗ್ಗೆ ನೀನು, ಸಂಜೆ ನಾನು. ಇನ್ನು ಇಳಿಯಲ್ಲ.”

ನನ್ನ ಜನ್ಮದಲ್ಲಿ ಅದಕ್ಕಿಂತ ಗಟ್ಟಿಯಾದ ಚೌಕಾಸಿಯನ್ನು ನಾನು ಎದುರಿಸಿಲ್ಲ. ನಿಮಗೂ ಹೇಳುತ್ತೇನೆ, ಮಕ್ಕಳ ಹತ್ತಿರ ಚೌಕಾಸಿ ಮಾಡುವಾಗ ಮೊದಲು ನಿಮ್ಮ ಸುಳ್ಳನ್ನು ನೀವೇ ಒಪ್ಪಿಕೊಳ್ಳಿ. ಕೈಯಲ್ಲಿ ಬೇರೆ ಬಂಡವಾಳ ಇರುವುದಿಲ್ಲ.

ನಾಲ್ಕನೆಯ ದಿನ ಡಾಕ್ಟರು ಬಂದರು. ಬೆಳಿಗ್ಗೆ ಅವಳ ಎದುರಿಗೇ ತೋಳು ಕೊಟ್ಟೆ. ಕಣ್ಣು ಮುಚ್ಚಿದ್ದಕ್ಕೆ ನಕ್ಕಳು. ಡಾಕ್ಟರು ಉಳಿದ ಸಾಲುಗಳನ್ನು ಮುಗಿಸಿ ಸಂಜೆ ಹಿಂತಿರುಗುವಾಗ ಅವಳು ತಾನಾಗಿ ಹೋಗಿ ನಿಂತಳು. ಒದ್ದಾಡಲಿಲ್ಲ. ತುಟಿ ಬೆಳ್ಳಗಾಗಿತ್ತು.

ಮರುದಿನ ಇಬ್ಬರಿಗೂ ಜ್ವರ. ಸೂಜಿಗೂ ಜ್ವರ ಬರುತ್ತದೆ, ಕಂಕುಳು ನೋಯುತ್ತದೆ ಎಂದು ಡಾಕ್ಟರು ಹೇಳಿಯೇ ಹೋಗಿದ್ದರು. ಆದರೆ ಆ ಅಟ್ಟದಿಂದ ಬಂದ ಜ್ವರವಾದರೆ? ಅದೂ ಹೀಗೆಯೇ ಶುರುವಾಗುತ್ತದೆ. ಚಾಪೆಯ ಮೇಲೆ ಮಲಗಿದ್ದಲ್ಲಿಂದಲೇ ಅವಳ ಕಂಕುಳು ಒತ್ತಿ ನೋಡುತ್ತಿದ್ದೆ. ಅವಳು ಹಲ್ಲು ಕಚ್ಚುತ್ತಿದ್ದಳು. ಪಕ್ಕದ ಸಾಲಿನಲ್ಲಿ ಅಳು ಎದ್ದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳ ಹಣೆ ಮುಟ್ಟಿದೆ. ತಣ್ಣಗಿದೆಯೋ ಬಿಸಿಯಿದೆಯೋ ತಿಳಿಯಲಿಲ್ಲ. ಮತ್ತೆ ಮುಟ್ಟಿದೆ. ಕೆನ್ನೆ, ಕುತ್ತಿಗೆ, ಮತ್ತೆ ಹಣೆ.

“ಕೈ ತಗಿಯಪ್ಪಾ,” ಎಂದಳು, ಕಣ್ಣು ಬಿಡದೆ. “ನಿನ್ನ ಕೈಯೇ ಸುಡ್ತೈತೆ.”

ನನ್ನ ಜ್ವರ ಇನ್ನೂ ಬಿಟ್ಟಿರಲಿಲ್ಲ. ಹೆಂಡತಿ ನನ್ನ ಕೈ ಸರಿಸಿ, ತನ್ನ ಕೈಯಿಟ್ಟು ಬಹಳ ಹೊತ್ತು ಹಾಗೇ ಕೂತಳು. ನಾನು ಹೆಂಡತಿಯ ಮುಖವನ್ನೇ ನೋಡುತ್ತಿದ್ದೆ. ಆಮೇಲೆ ಅವಳು “ಬಿಟ್ಟೈತೆ” ಎಂದು ಎದ್ದು, ಒಲೆಯ ಮೇಲೆ ಗಂಜಿಗೆ ನೀರಿಟ್ಟಳು.