ರೇಣವ್ವನ ಸಾಲು

ನಮ್ಮ ಪ್ರಮಿಳಾಗೆ ಕೈ ಸುಮ್ಮನಿರಿಸಿಕೊಂಡು ಕೂರುವುದೆಂದರೆ ಆಗದು. ರವಿವಾರ ಪೇಟೆಯ ಕಾಳಿನ ಅಂಗಡಿಯಲ್ಲಿ ನಾವಿಬ್ಬರೂ ಬಿಲ್ ಮಾಡುವವರು. ಗಿರಾಕಿ ಇಲ್ಲದಿದ್ದರೆ ಆಕೆ ಕಂಪ್ಯೂಟರಿನಲ್ಲಿ ಏನನ್ನಾದರೂ ಬಿಚ್ಚುತ್ತ, ಮತ್ತೆ ಜೋಡಿಸುತ್ತ ಇರುತ್ತಾಳೆ. ಸರಿಯಾಗಿ ನಡೆಯುತ್ತಿರುವುದನ್ನು ಅದರ ಪಾಡಿಗೆ ಬಿಟ್ಟರೆ ಆಕೆಗೆ ಉಂಡದ್ದು ಅರಗುವುದಿಲ್ಲ.

ಆಕೆಯದೊಂದು ಬ್ಲಾಗ್ ಇದೆ. ಖಾನಾಪುರದ ಅಜ್ಜಿ ಸಾತವ್ವ ಮತ್ತು ಅಜ್ಜಿಯ ನೆಗೆಣ್ಣಿ ರೇಣವ್ವ, ಒಂದೇ ಮನೆಗೆ ಸೊಸೆಯರಾಗಿ ಬಂದ ಈ ಇಬ್ಬರು ಬೀಸುಕಲ್ಲಿನ ಮುಂದೆ ಹಾಡುತ್ತಿದ್ದ ಹಾಡುಗಳು ಅದರಲ್ಲಿವೆ. ಸಾತವ್ವ ಒಂದು ಸಾಲು ಹಾಡಿದರೆ ಎದುರಿಗೆ ಕೂತ ರೇಣವ್ವ ಅದನ್ನು ಎತ್ತಿಕೊಂಡು ಹಾಡುವಳು. ಪ್ರಮಿಳಾ ಇಬ್ಬರನ್ನೂ ಕೂರಿಸಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಕೇಳಿ ಕೇಳಿ ಟೈಪ್ ಮಾಡಿದ್ದಳು. ರೇಣವ್ವನ ಸಾಲುಗಳನ್ನು ತುಸು ಒಳಕ್ಕೆ ಸರಿಸಿ ಬರೆದಿದ್ದಳು. ಆಮೇಲೆ ಆ ಮೊಬೈಲು ಮಲಪ್ರಭೆಯ ಪಾಲಾಯಿತು. ಹೋದ ವರ್ಷ ರೇಣವ್ವನೂ ತೀರಿಕೊಂಡಳು. ಆಕೆಯ ಹಾಡೆಂದು ಉಳಿದದ್ದು ಬ್ಲಾಗಿನ ಆ ಸಾಲುಗಳಷ್ಟೇ.

ಅಷ್ಟಕ್ಕೆ ಬಿಡಬಹುದಿತ್ತು. ಬಿಟ್ಟರೆ ಆಕೆ ಪ್ರಮಿಳಾ ಹೇಗಾದಾಳು? ಒಂದು ಮಧ್ಯಾಹ್ನ ಊಟದ ಡಬ್ಬಿ ಹಾಗೇ ಮುಚ್ಚಿಟ್ಟು ಬ್ಲಾಗಿಗೆ ಪುಟವನ್ನು ಅಂದವಾಗಿ ಜೋಡಿಸಿಕೊಡುವ ಹೊಸ ಪ್ಲಗಿನ್ ಸೇರಿಸಿದಳು.

"ಇದರಾಗ ಸಣ್ಣ ಸಣ್ಣ ಗುರುತ ಹಾಕಿ ಬರದ್ರ ಸಾಕ್ರಿ," ಎಂದಳು ನನಗೆ. "ಟೆಂಪ್ಲೇಟ್ ಒಂದ ಸಲ ಮಾಡಿಟ್ರ ಎಲ್ಲಾ ಹಾಡೂ ಒಂದ ಅಚ್ಚಿನ್ಯಾಗ ಬರ್ತಾವು."

ಬಂದದ್ದು ಬೇರೆ. ಒಳಕ್ಕೆ ಸರಿಸಿದ ಸಾಲುಗಳನ್ನೆಲ್ಲ ಪ್ಲಗಿನ್ ಕಂಪ್ಯೂಟರ್ ಕೋಡ್ ಎಂದುಕೊಂಡು ಬೂದು ಬಣ್ಣದ ಡಬ್ಬಿಗಳಲ್ಲಿ ತುಂಬಿಬಿಟ್ಟಿತು. ರೇಣವ್ವ ಪುಟದ ತುಂಬ ಜೈಲಿನಲ್ಲಿ ಕೂತಂತೆ ಕಾಣಿಸಿದಳು. ಪ್ರಮಿಳಾಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು. ಗಿರಾಕಿಗೆ ತೊಗರಿಯ ಬದಲು ಕಡಲೆಯ ಬಿಲ್ ಕೊಟ್ಟು ಮಾಲೀಕರಿಂದ ಬೈಸಿಕೊಂಡಳು.

ಮರುದಿನ ಆಕೆಗೆ ದಾರಿ ಹೊಳೆಯಿತು. ನಮ್ಮ ಬಿಲ್ಲಿನಲ್ಲಿ ಮೇಲಿನದೇ ಮಾಲು ಕೆಳಗೂ ಬಂದರೆ ಮತ್ತೆ ಹೆಸರು ಬರೆಯುವುದಿಲ್ಲ, 'ಸದರ' ಎಂದು ಹಾಕಿ ಮುಂದೆ ಹೋಗುತ್ತೇವೆ. ರೇಣವ್ವನ ಸಾಲುಗಳನ್ನು ಅಳಿಸಿ, ಮೇಲಿನದನ್ನೇ ಮತ್ತೊಮ್ಮೆ ತೋರಿಸು ಎಂದು ಟೆಂಪ್ಲೇಟಿಗೆ ಹೇಳಿದರಾಯಿತು.

"ಎಲ್ಲಾ ಮ್ಯಾಲಿನಂಗ ಅದಾವೇನು?" ಎಂದೆ.

"ಅಲ್ಲೊಂದ ಇಲ್ಲೊಂದ ಮಾತ ಬ್ಯಾರೆ ಇದ್ದೂರಿ. ವಯಸ್ಸಾಗಿತ್ತು, ತಪ್ಪಿರಬೇಕು ಬಿಡ್ರಿ."

ಸಂಜೆಯೊಳಗೆ ಎಲ್ಲ ಹಾಡುಗಳೂ ಸಜ್ಜಾದವು. ಹಳೆಯದರ ಪ್ರತಿ ತೆಗೆದಿಡುವ ವ್ಯವಧಾನ ಆಕೆಗೆಲ್ಲಿಯದು? ಪುಟ ಮಾತ್ರ ಬಲು ಚೆಂದವಾಗಿತ್ತು. ನಾನೂ ಶಭಾಷ್ ಎಂದೆ.

ಅಂಗಡಿಯ ಸೂಟಿಯ ದಿನ ಅಜ್ಜಿಗೆ ಓದಿ ಹೇಳಲು ಹೊರಟಳು, ನನ್ನನ್ನೂ ಎಳೆದುಕೊಂಡು. ಖಾನಾಪುರ ಬರುವವರೆಗೆ ಬಸ್ಸಿನ ಕಿಟಕಿಯನ್ನು ತೆಗೆಯುವುದು, ಹಾಕುವುದು, ಮತ್ತೆ ತೆಗೆಯುವುದು. ಸಾತವ್ವ ಕಟ್ಟೆಯ ಮೇಲೆ ಅವರೆ ಸುಲಿಯುತ್ತಿದ್ದಳು.

"ಬರ್ರಿ, ಕುಂದರ್ರಿ," ಎಂದಳು ನನಗೆ. ಮೊಮ್ಮಗಳಿಗೆ ಕೂರು ಎಂದು ಹೇಳುವ ಗೋಜಿಗೇ ಹೋಗಲಿಲ್ಲ.

ಪ್ರಮಿಳಾ ಹೊಸ ಮೊಬೈಲು ಹಿಡಿದು ನಿಂತೇ ಓದಿದಳು. "ಜ್ವಾಳ ಬೀಸೇನ ಮೆತ್ತಗ, ಅಣ್ಣ ಬರತಾನ ಹೊತ್ತಿಗೆ." ಸಾತವ್ವ ತಲೆಯಾಡಿಸಿದಳು. "ಇದ ಈಗ ರೇಣವ್ವಜ್ಜಿದು," ಎಂದು ಅದನ್ನೇ ಮತ್ತೆ ಓದಿದಳು.

"ಅಲ್ಲ," ಎಂದಳು ಸಾತವ್ವ.

"ಯಾಕ?"

"ಆಕಿ ಹಂಗ ಅಂದಾಕೀನ ಅಲ್ಲ. ಅಣ್ಣ ಬರಲಿಲ್ಲ ಹೊತ್ತಿಗೆ, ಅಂತಿದ್ಲು. ಪಂಚಮಿಗೆ ಕರಿಯಾಕ ಆಕೀ ಅಣ್ಣದೇರು ಒಂದ ವರ್ಷಾನೂ ಬರಲಿಲ್ಲವ್ವಾ. ಮನ್ಯಾಗ ಬಾಯಿ ಬಿಟ್ಟ ಹೇಳಾಕ ಆಗತಿತ್ತೇನು? ಕಲ್ಲ ತಿರುವೂವಾಗ ಹೇಳತಿದ್ಲು. ಅತ್ತಿ ಕೇಳಿದ್ರ ಬರೇ ಹಾಡ ಅಂತಿದ್ಲು."

ಪ್ರಮಿಳಾ ಮುಂದಿನ ಹಾಡು ತೆಗೆದಳು, ಅದರ ಮುಂದಿನದು ತೆಗೆದಳು. ಓದಲಿಲ್ಲ. ಎಲ್ಲದರಲ್ಲೂ ರೇಣವ್ವ ನೆಗೆಣ್ಣಿಯ ಸುಖವನ್ನೇ ತನ್ನದೆಂದು ಹೇಳುತ್ತಿದ್ದಳು. ಪ್ರಮಿಳಾ ಅಲ್ಲೇ ಪ್ಲಗಿನ್ ಕಿತ್ತು ಹಾಕಿದಳು. ರೇಣವ್ವನ ಸಾಲುಗಳ ಜಾಗದಲ್ಲಿ ಬರಿಯ ಗುರುತುಗಳು ಉಳಿದವು. ನನಗೆ ಆಕೆಯ ಮೇಲೆ ಸಿಟ್ಟು ಬಂತು, ಶಭಾಷ್ ಎಂದ ನನ್ನ ಮೇಲೆ ಇನ್ನೂ ಹೆಚ್ಚು ಬಂತು.

ಮೊದಲ ಬಾರಿಗೆ ಆಕೆ ಕೈ ಸುಮ್ಮನಿರಿಸಿಕೊಂಡು ಕೂತದ್ದನ್ನು ಕಂಡೆ. ಅಜ್ಜಿಯ ಮೊಣಕಾಲು ಹಿಡಿದುಕೊಂಡು ಕೂತಳು.

"ಆಯಿ, ಉಳದದ್ದು ನೀನ ಹೇಳ. ಈಗ ಬರಕೋತೀನಿ. ಆಕಿ ಏನೇನ ಹಾಡತಿದ್ಲು?"

ಸಾತವ್ವ ಅವರೆಯ ಬುಟ್ಟಿಯನ್ನು ಬಾಜೂಕ್ಕಿಟ್ಟು ಕಣ್ಣು ಮುಚ್ಚಿದಳು, ತುಟಿ ಅಲುಗಿಸಿದಳು, ಬಿಟ್ಟಳು.

"ಒಂದ ನೆಪ್ಪೈತಿ, ಅದನ್ನ ಹೇಳೀನಿ. ಉಳದದ್ದು ನನಗೇನ ಗೊತ್ತಬೆ?" ಎಂದಳು. "ಆಕಿ ಹಾಡೂವಾಗ ನಾ ಉಸರ ತೊಗೊತಿದ್ದೆ."