ಅವನ ಮಾಲು ನಾನ ಮಾರ್ತೇನಿ

ಮೊನ್ನೆ ಹೊನವಾಡದ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನನಗೊಂದು ಡಬ್ಬಿ ಬಂತು. ವಿಜಯಪುರದ ಅಥಣಿ ರಸ್ತೆಯ ನಮ್ಮ ಬಡಾವಣೆಯ ತಿರುವಿನಲ್ಲಿ ಅದನ್ನು ಇಸಿದುಕೊಂಡು ಮನೆಗೆ ಬಂದು ಮುಚ್ಚಳ ತೆಗೆದದ್ದೇ ತಡ, ಒಣದ್ರಾಕ್ಷಿಯ, ಅಂದರೆ ನಮ್ಮ ಕಡೆಯ ಮನೂಕದ, ವಾಸನೆ ಅಡಿಗೆಮನೆಯನ್ನೆಲ್ಲ ತುಂಬಿತು. ಅಂಗಡಿಯ ಪೊಟ್ಟಣದಲ್ಲಿ ಈ ವಾಸನೆ ಸಿಗುವುದಿಲ್ಲ. ಅದರಲ್ಲಿ ಸಿಹಿಯಿದೆ, ಸ್ವಲ್ಪ ಹುಳಿಯಿದೆ, ಒಣಹಾಕುವ ಮೊದಲು ಹಣ್ಣು ಅದ್ದುವ ಎಣ್ಣೆಯ ಘಾಟಿದೆ. ತಗಡಿನ ಕೆಳಗಿನ ಮಧ್ಯಾಹ್ನದ ಬಿಸಿಯೂ ಇದೆ ಎಂದು ನನಗನಿಸುತ್ತದೆ. ನೀವು ಮೂಸಿ ನೋಡಿದರೆ ಅಷ್ಟೆಲ್ಲ ಸಿಗಲಿಕ್ಕಿಲ್ಲ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಒಂದು ಕೈ ಡಬ್ಬಿಯಲ್ಲಿತ್ತು, ಇನ್ನೊಂದರಲ್ಲಿ ಫೋನು. ಫೋನಿನಲ್ಲಿ ಬಡಾವಣೆಯ ಗುಂಪಿನ ಜಗಳ ಕಾವೇರಿತ್ತು. ಬೀದಿದೀಪ, ನಲ್ಲಿ ನೀರು, ಕಸದ ಗಾಡಿಯ ವಿಷಯ ಮಾತಾಡಲೆಂದು ಮಾಡಿಕೊಂಡ ಗುಂಪು ಅದು. ಈಗ ಅಲ್ಲಿ ಯಾವ ಪಕ್ಷ ನಿಜವಾಗಿ ತೆರಿಗೆ ಇಳಿಸಿತು, ಯಾವುದು ಇಳಿಸಿದ್ದೇನೆಂದು ಬರೀ ಹೇಳಿಕೊಂಡಿತು, ಯಾವುದು ಖಜಾನೆ ಬರಿದು ಮಾಡಿತು ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ಪಕ್ಕದ ಮನೆಯ ಕಾಂಬಳೆಯವರು ನನಗೆ ಪ್ರಿಯವಾದ ಪಕ್ಷದ ಜಾಹೀರಾತೊಂದನ್ನು ಹಾಕಿ ಕೆಳಗೆ ‘ಶುದ್ಧ ಮೋಸ’ ಎಂದು ಬರೆದಿದ್ದರು. ನಾನು ಸುಮ್ಮನಿರುವ ಪೈಕಿಯೇ? ಅವರ ಪಕ್ಷದ್ದೊಂದನ್ನು ಹುಡುಕಿ ತೆಗೆದು ‘ಹಾಗಾದರೆ ಇದೇನು?’ ಎಂದು ಹಾಕಿದ್ದೆ. ಕಾಂಬಳೆಯವರು ಲೈನ್‌ಮನ್ ಆಗಿ ನಿವೃತ್ತರಾದವರು. ನಾವು ಇಲ್ಲಿ ಮನೆ ಕಟ್ಟುವಾಗ ತಮ್ಮ ಮನೆಯ ನೀರು, ಕರೆಂಟು ಎರಡನ್ನೂ ಕೊಟ್ಟವರು. ವಾರದಿಂದ ನಾವಿಬ್ಬರೂ ಕಂಪೌಂಡಿನ ಆಚೀಚೆ ನಿಂತು ಗಿಡಕ್ಕೆ ನೀರು ಹಾಕುತ್ತೇವೆ, ಮುಖ ಮಾತ್ರ ಎತ್ತುವುದಿಲ್ಲ.

ಅಷ್ಟರಲ್ಲಿ ಹೊನವಾಡದಿಂದ ಶಾಂತವ್ವ ಅತ್ತೆಯ ಫೋನು ಬಂತು. ನನ್ನ ಸೋದರಮಾವನ ಹೆಂಡತಿ.

“ಡಬ್ಬಿ ಮುಟ್ಟಿತೇನೋ? ಅದು ದಸ್ತಗೀರಣ್ಣನ ಮಾಲು. ನಮ್ಮದು ಈ ಸಲ ಅಷ್ಟ ಛಲೋ ಬಂದಿಲ್ಲ. ಹಂಗಂತ ನಾ ಹೇಳೇನಿ ಅಂತ ನಿಮ್ಮ ಮಾಮಾಗ ಹೇಳಬ್ಯಾಡ.”

ಫೋನಿಟ್ಟ ಮೇಲೆ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಜಗಿಯುತ್ತಿದ್ದಂತೆ ಕೆಲವು ವರ್ಷಗಳ ಹಿಂದಿನ ಒಂದು ಬೇಸಿಗೆ ನೆನಪಾಯಿತು.

ನಮ್ಮ ಬಸಗೊಂಡ ಮಾಮಾ ಮತ್ತು ಅವನ ಗೆಳೆಯ ದಸ್ತಗೀರ ಕಾಕಾ, ಇಬ್ಬರ ದ್ರಾಕ್ಷಿ ತೋಟಗಳೂ ಒಂದರ ಪಕ್ಕ ಒಂದು. ಹಣ್ಣು ಒಣಗಿಸುವ ಶೆಡ್ ಇಬ್ಬರಿಗೂ ಸೇರಿದ್ದು. ತಗಡಿನ ಚಾವಣಿಯ ಕೆಳಗೆ ಬಲೆಯ ಅಂತಸ್ತುಗಳು, ಪೂರ್ವದ ಅರ್ಧ ಮಾಮಾನದು, ಪಶ್ಚಿಮದ ಅರ್ಧ ಕಾಕಾನದು. ನಡುವೆ ಗೋಡೆಯಿಲ್ಲ, ಗಾಳಿ ಈ ಕಡೆಯಿಂದ ಹೊಕ್ಕು ಆ ಕಡೆ ಹೋಗಬೇಕು. ಅವರಿಬ್ಬರಿಗೆ ಒಂದು ಪದ್ಧತಿಯಿತ್ತು. ಯಾರು ಶುರು ಮಾಡಿದರೋ ಅವರಿಗೇ ನೆನಪಿರಲಿಲ್ಲ. ತನ್ನ ಮಾಲನ್ನು ಯಾರೂ ತಾನು ಆರಿಸುತ್ತಿರಲಿಲ್ಲ, ತಾನು ಮಾರುತ್ತಲೂ ಇರಲಿಲ್ಲ. ಮಾಮಾನ ದ್ರಾಕ್ಷಿಯಲ್ಲಿ ಕಪ್ಪಗಾದದ್ದನ್ನು ಕಾಕಾ ಆರಿಸಿ ತೆಗೆಯುತ್ತಿದ್ದ, ವಿಜಯಪುರದ ಪೇಟೆಗೆ ಒಯ್ದು ಅದರ ಪರವಾಗಿ ಮಾತಾಡುತ್ತಿದ್ದ. ಕಾಕಾನದನ್ನು ಮಾಮಾ ಒಯ್ಯುತ್ತಿದ್ದ. ತನ್ನ ರಾಶಿಯ ಕಪ್ಪು ತನ್ನ ಕಣ್ಣಿಗೆ ಕಾಣುವುದಿಲ್ಲ, ತನ್ನ ಮಾಲು ಹೊಗಳುವವನನ್ನು ವ್ಯಾಪಾರಿ ನಂಬುವುದಿಲ್ಲ, ಅದಕ್ಕೇ ಹೀಗೆ. ಮಾರುವಾಗ ಇಬ್ಬರೂ ಒಂದು ಹಿಡಿ ಕಪ್ಪು ದ್ರಾಕ್ಷಿಯನ್ನೂ ಜೊತೆಗೆ ಒಯ್ದು “ಇಂಥಾವೂ ಅದಾವ್ರಿ ಇದರಾಗ” ಎಂದು ಮೊದಲೇ ತೋರಿಸುತ್ತಿದ್ದರು. ಪೇಟೆಯಲ್ಲಿ ಅವರ ಡಬ್ಬಿ ತೆರೆದು ನೋಡದೆ ಕೊಳ್ಳುವವರಿದ್ದರು.

ಆ ಬೇಸಿಗೆಯಲ್ಲಿ ಹಣ್ಣು ಬಲೆಗೆ ಏರುವ ಹೊತ್ತಿಗೇ ಚುನಾವಣೆ ಬಂತು. ಇಬ್ಬರದೂ ಬೇರೆ ಬೇರೆ ಪಕ್ಷವೆಂಬುದು ಹಳೆಯ ಮಾತು, ಅದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಆ ಸಲ ಊರಿಗೆ ಬಂದ ಕರಪತ್ರಗಳೆಲ್ಲ ಬರೀ ತೆರಿಗೆ ಮತ್ತು ಖರ್ಚಿನವು. ನಾವು ಇಷ್ಟು ಇಳಿಸಿದೆವು, ಅವರು ಇಷ್ಟು ಏರಿಸಿದರು, ನಾವು ಇಷ್ಟು ಕೊಟ್ಟೆವು, ಅವರು ಇಷ್ಟು ನುಂಗಿದರು. ಎರಡೂ ಪಕ್ಷದವರು ಪಕ್ಕದ ಘೋಣಸಗಿಗೆ ಹೋಗುವ ದಾರಿಯ ಒಂದೇ ಸಣ್ಣ ಸೇತುವೆಯ ಚಿತ್ರ ಹಾಕಿ ‘ಇದು ನಮ್ಮ ಖರ್ಚಿನದು’ ಎಂದು ಅಚ್ಚು ಹಾಕಿಸಿದ್ದರು.

“ನಮ್ಮವ್ರು ತೆರಿಗಿ ಇಳಿಸ್ಯಾರ. ಕಣ್ಣ ಇಲ್ಲೇನಲೇ ನಿನಗ?” ಎನ್ನುತ್ತಿದ್ದ ಮಾಮಾ.

“ಮುಂದಿನ ಬಾಗ್ಲಾಗ ಇಳಿಸಿ ಹಿತ್ತಲ ಬಾಗ್ಲಾಗ ಏರಿಸ್ಯಾರ. ಅದನ್ಯಾಕ ಹೇಳೂದಿಲ್ಲ?” ಎನ್ನುತ್ತಿದ್ದ ಕಾಕಾ.

“ನಿಮ್ಮವ್ರು ಹೆಂಗಸ್ರಿಗೆ ತಿಂಗಳಾ ರೊಕ್ಕ ಹಂಚಾಕತ್ತಾರಲ್ಲ, ಅದು ಅವ್ರ ಅಪ್ಪನ ಮನೀದೇನು?”

“ನಿಮ್ಮವ್ರು ದೊಡ್ಡ ಸಾವ್ಕಾರ್ರಿಗೆ ಬಿಟ್ಟಿದ್ದು ಯಾರ ಅಪ್ಪಂದಲೇ?”

ಹೀಗೆ ಅಪ್ಪಂದಿರು ಬಂದ ಮೇಲೆ ಜಗಳ ನಿಲ್ಲುವುದುಂಟೇ? ನೀನು ಸುಳ್ಳುಗಾರ ಎಂದು ಒಬ್ಬ, ಸುಳ್ಳರಿಗೆ ಹುಟ್ಟಿದವನು ಎಂದು ಇನ್ನೊಬ್ಬ. ಕೊನೆಗೆ ಮಾತು ನಿಂತಿತು. ನಾನು ರಜೆಗೆಂದು ಹೋದ ದಿನ ಟಿಕೋಟಾದಿಂದ ಟ್ರ್ಯಾಕ್ಟರಿನಲ್ಲಿ ಉದ್ದನೆಯ ತಗಡುಗಳು ಬಂದಿಳಿದಿದ್ದವು. ಶೆಡ್ಡಿನ ನಡುವೆ ಅಡ್ಡ ಬಡಿದು ಎರಡು ಮಾಡುವುದೆಂದು ಇಬ್ಬರೂ ತೀರ್ಮಾನಿಸಿದ್ದರು. ಇದೊಂದರಲ್ಲಿ ಮಾತ್ರ ಒಮ್ಮತವಿತ್ತು.

ವಿಮಾ ಕಚೇರಿಯಲ್ಲಿ ಕೂತು ಊರವರ ಆಯುಷ್ಯಕ್ಕೆ ಕಂತು ಕಟ್ಟಿಸಿಕೊಳ್ಳುವ ನಾನು, ಬುದ್ಧಿವಂತನೆಂಬ ಹಮ್ಮಿನಲ್ಲಿ ರಾಜಿ ಮಾಡಿಸಲು ಹೋದೆ. ಫೋನ್ ತೆಗೆದು “ಇಲ್ನೋಡ್ರಿ, ಪೇಪರಿನ್ಯಾಗ ಏನ ಬರದಾರ ಅಂದ್ರ” ಎಂದು ಶುರು ಮಾಡುತ್ತಲೇ, ಅದು ಯಾವ ಪಕ್ಷದವರ ಪೇಪರು ಎಂದು ಇಬ್ಬರೂ ಒಟ್ಟಿಗೆ ಕೇಳಿದರು. ನಾನು ಫೋನನ್ನು ಕಿಸೆಗೆ ಹಾಕಿಕೊಂಡು ಚಹಾ ಕುಡಿಯಲು ಹೋದೆ.

ಅತ್ತೆ ಆಗ ಹೆಂಗಸರೊಂದಿಗೆ ಕೂತು ಮೊದಲ ಕೊಯ್ಲಿನ ಒಣದ್ರಾಕ್ಷಿ ಆರಿಸುತ್ತಿದ್ದಳು. ತಗಡು ಎತ್ತಲು ಆಳುಗಳು ಬಂದದ್ದು ಕಂಡು ಎದ್ದು ನಿಂತಳು. ಜೋರು ಮಾಡಲಿಲ್ಲ.

“ಈ ತಗಡ ಬಡದ್ರ ಗಾಳಿ ಆಡೂದಿಲ್ಲ. ಇತ್ಲಾಗಿಂದೂ ಕರ್ರಗಾಗ್ತೈತಿ, ಅತ್ಲಾಗಿಂದೂ ಕರ್ರಗಾಗ್ತೈತಿ. ಇಬ್ರಿಗೂ ಗೊತ್ತೈತಿ. ಆದ್ರೂ ಬಡೀರಿ, ನಾ ಬ್ಯಾಡ ಅನ್ನೂದಿಲ್ಲ. ಅದಕ್ಕೂ ಮೊದಲ ಒಂದ ಕೆಲಸ ಮಾಡ್ರಿ. ಇಷ್ಟ ವರ್ಷ ಒಬ್ಬರ ಮಾಲು ಒಬ್ಬರು ಮಾರೀರಿ. ಇವತ್ತ ಪಕ್ಷಾನೂ ಹಂಗ ಮಾರ್ರಿ. ದಸ್ತಗೀರಣ್ಣಾ, ಇವರ ಪಕ್ಷದ ಮಾಲು ನೀವ ಮಾರ್ರಿ. ನಿಮ್ಮದು ಇವರು ಮಾರ್ತಾರ. ಛಲೋದೂ ಹೇಳ್ಬೇಕು, ಕರೀದೂ ತೋರಿಸ್ಬೇಕು. ಆಮ್ಯಾಲ ತಗಡ ಎತ್ತರಿ.”

ಕಾಕಾ ನಕ್ಕುಬಿಟ್ಟ. ಸಂತೆಯವನ ಧಾಟಿಯಲ್ಲಿ ಕೈ ಎತ್ತಿ “ಬರ್ರಿ ಬರ್ರಿ, ಸುಳ್ಳಿನ ಮನೂಕ ತಗೋರಿ” ಎಂದ. ಹೆಂಗಸರು ಕಿಸಕ್ಕೆಂದರು.

“ಇವರ ಮಾಲು ಪ್ಯಾಟ್ಯಾಗ ಹಿಂಗ ಮಾರಿದ್ರೇನು ನೀವು?” ಎಂದಳು ಅತ್ತೆ.

ಕಾಕಾನ ನಗು ನಿಂತಿತು. ತಲೆಯ ಮೇಲಿನ ಟೊಪ್ಪಿಗೆ ತೆಗೆದು ಝಾಡಿಸಿ ಮತ್ತೆ ಇಟ್ಟುಕೊಂಡ. ಆಮೇಲೆ ಮಾತಾಡಿದ ದನಿ ಬೇರೆಯೇ ಇತ್ತು.

“ಬಸಗೊಂಡನ ಪಕ್ಷ ಏನ ಹೇಳ್ತೈತಂದ್ರ, ದುಡದವನ ಕೈಯಾಗ ರೊಕ್ಕ ಉಳೀಲಿ ಅಂತೈತಿ. ಪೈಪ ತರಾಕ ಹೋದ್ರ, ಔಷಧ ತರಾಕ ಹೋದ್ರ, ತೆರಿಗಿ ಒಂದೀಟ ಕಮ್ಮಿ ಆತಂದ್ರ ನಮ್ಮಂಥವ್ರಿಗೆ ಉಸಿರ ಬಿಟ್ಟಂಗ ಆಗ್ತೈತಿ. ಇವಂಗ ಅದು ಯಾಕ ಮನಸಿಗಿ ಹತ್ತೇತಿ, ನನಗ ಗೊತ್ತೈತ್ರಿ. ಇವರಪ್ಪ ಸರ್ಕಾರಿ ಆಫೀಸಿನ ಬಾಗ್ಲಾಗ ಕೈ ಮುಗದ ನಿಂತಿದ್ದನ್ನ ಇಂವ ಸಣ್ಣಾಂವ ಇದ್ದಾಗ ನೋಡ್ಯಾನ. ನಾನೂ ಜೋಡಿ ಇದ್ದೆ. ನಾ ಯಾರ ಮುಂದೂ ಹಿಂಗ ನಿಲ್ಲೂದಿಲ್ಲ ಅಂತ ಅವತ್ತ ಅಂದಾನ. ಅವರ ಕೊಡೂದೂ ಬ್ಯಾಡ, ನಮ್ಮದು ಕಸ್ಗೊಳ್ಳೂದೂ ಬ್ಯಾಡ ಅನ್ನೂದು ಇವನ ಮಾತು. ಅದು ಸುಳ್ಳಲ್ಲ.” ಹಾಗೆಯೇ ಮುಂದುವರಿಸಿದ. “ಇನ್ನ ಕರೀದು. ಇಳಿಸಿದ್ದನ್ನ ದೊಡ್ಡ ಅಕ್ಷರದಾಗ ಬರದಾರ. ಮೊದಲ ಏರಿಸಿದ್ದು ಯಾರು ಅಂತ ಬರದಿಲ್ಲ.”

ಮಾಮಾ ಗೆಳೆಯನನ್ನೇ ನೋಡುತ್ತಿದ್ದ.

“ಇಷ್ಟ ಛಲೋ ನನಗ ಹೇಳಾಕ ಬಂದಿದ್ದಿಲ್ಲಲೇ,” ಎಂದ. ನಂತರ ತನ್ನ ಸರದಿಗೆ ಎದ್ದು ನಿಂತ. ಅವನಿಗೆ ಮಾತು ಕಡಿಮೆ, ತಡವರಿಸಿದ.

“ದಸ್ತಗೀರನ ಪಕ್ಷ ಹೆಂಗಸ್ರ ಕೈಯಾಗ ರೊಕ್ಕ ಕೊಡ್ತೈತಿ. ನಾ ಅದಕ ಪುಕ್ಕಟ ಅಂತ ಬೈದೇನಿ. ಇವನ ತಂಗಿ ಖಾಜಾಂಬಿ ಅಲ್ಲೇ ಕುಂತಾಳ, ಕೇಳ್ರಿ. ಗಂಡ ಹ್ವಾದ ಮ್ಯಾಲ ಒಂದ ಕನ್ನಡಕ ಬೇಕಂದ್ರೂ ಅಣ್ಣನ ಮಾರಿ ನೋಡಬೇಕಾಗಿತ್ತು. ಅಣ್ಣ ಇಲ್ಲ ಅಂತಿದ್ದಿಲ್ಲ, ಆದ್ರ ಈಕಿಗೆ ಕೇಳಾಕ ಮನಸ ಬರ್ತಿದ್ದಿಲ್ಲ. ಈಗ ತನ್ನ ರೊಕ್ಕದಾಗ ವಿಜಾಪುರಕ ಹೋಗಿ ಕನ್ನಡಕ ಮಾಡಿಸ್ಕೊಂಡ ಬಂದಾಳ. ಯಾರಿಗೂ ಕೇಳಿಲ್ಲ. ಕೈ ಚಾಚಬಾರ್ದು ಅಂತ ನಾ ಅಂತೀನಲ್ಲ, ಈಕಿನೂ ಅದನ್ನ ಅಂದಂಗಾತು.” ಬಲೆಯಿಂದ ಒಂದು ಕಪ್ಪು ದ್ರಾಕ್ಷಿ ಎತ್ತಿ ತೋರಿಸಿದ. “ಕರೀದಂದ್ರ, ಕೊಟ್ಟಿದ್ದು ಹೇಳ್ತಾರ. ಎಲ್ಲಿಂದ ತಂದ್ವಿ, ಅದಕ್ಕ ಯಾವ ಕೆಲಸ ನಿಲ್ಲಿಸಿದ್ವಿ ಅಂತ ಹೇಳೂದಿಲ್ಲ.”

ಖಾಜಾಂಬಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡಳು. ನಾನು ಚಹಾದ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದೆ. ದೊಡ್ಡ ದೊಡ್ಡ ಸಭೆಗಳಲ್ಲಿ ದೊಡ್ಡ ಮಾತುಗಾರರನ್ನು ಕೇಳಿದ್ದೇನೆ. ಆದರೆ ಒಬ್ಬ ಮನುಷ್ಯ ತನ್ನ ಎದುರಿನವನ ಮಾತನ್ನು ಅವನಿಗಿಂತ ಚೆನ್ನಾಗಿ, ಅವನ ಮೇಲಿನ ಪ್ರೀತಿಯಿಂದ ಹೇಳಿದ್ದನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಹೇಳಿದ ಮೇಲೂ ಅದರ ಹುಳುಕನ್ನು ಬಿಡದೆ ತೋರಿಸಿದ್ದನ್ನಂತೂ ಆಮೇಲೂ ಕಂಡಿಲ್ಲ. ಅತ್ತೆ ಏನೂ ಆಗಿಲ್ಲವೆಂಬಂತೆ ಕೂತು ಮತ್ತೆ ಆರಿಸತೊಡಗಿದ್ದಳು.

ಅಡ್ಡ ಬಡಿಯುವ ಕೆಲಸ ಅಲ್ಲಿಗೆ ಮುಗಿಯಿತು. ತಗಡುಗಳು ದನದ ಕೊಟ್ಟಿಗೆಯ ಮೇಲೆ ಹೋದವು. ಆದರೆ ಇದು ಇಬ್ಬರೂ ಸಾಧುಗಳಾದ ಕತೆಯೆಂದು ನೀವು ತಿಳಿದುಕೊಂಡರೆ ತಪ್ಪು. ಮಾರನೇ ದಿನವೇ ಮತ್ತೆ ಜಗಳ ಹತ್ತಿತು, ತಿರುಗುಮುರುಗಾಗಿ. “ನಿಮ್ಮ ಪಕ್ಷದ ಪರವಾಗಿ ನಾ ಅಷ್ಟ ಮಾತಾಡೇನಿ, ನೀ ಯಾಕ ಈಗ ಹಿಂದ ಸರ್ಯಾಕತ್ತೀ?” ಎಂದು ಕಾಕಾ ಮಾಮಾನ ಮೇಲೆ ಹರಿಹಾಯ್ದ. ಸೇತುವೆಯ ಮಾತು ಬಂದಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ತಾವು ಶಾಲೆಗೆ ಹೋಗುವಾಗ ದಿನವೂ ದಾಟುತ್ತಿದ್ದ ಸೇತುವೆ ಅದು, ಹೊಸದೆಂದರೆ ಅದರ ಬಣ್ಣ ಮಾತ್ರ ಎಂಬುದು ಅಷ್ಟು ದಿನದ ಹೊಡೆದಾಟದಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಬಿದ್ದು ಬಿದ್ದು ನಕ್ಕರು. ಮತದಾನದ ದಿನ ಒಂದೇ ಮೋಟಾರಸೈಕಲ್ ಮೇಲೆ ಹೋಗಿ, ಒಬ್ಬರ ವೋಟನ್ನು ಇನ್ನೊಬ್ಬರು ಹೊಡೆದುಹಾಕಿ, ಅದರ ಮೇಲೆಯೇ ವಾಪಸು ಬಂದರು.

ಡಬ್ಬಿಯ ಮುಚ್ಚಳ ಹಾಕಿದೆ. ಗುಂಪಿನಲ್ಲಿ ಕಾಂಬಳೆಯವರಿಗೆ ಹಾಕಬೇಕೆಂದು ಅರ್ಧ ಬರೆದಿಟ್ಟ ಒಂದು ಖಾರದ ಮಾತಿತ್ತು. ಅಳಿಸಿದೆ, ಸಂಕಟವಾಯಿತು, ಸಾಲು ಬಹಳ ಚೆನ್ನಾಗಿತ್ತು. ಒಂದು ಬಟ್ಟಲಲ್ಲಿ ಒಣದ್ರಾಕ್ಷಿ ಹಾಕಿಕೊಂಡು ಕಂಪೌಂಡಿನ ಹತ್ತಿರ ಹೋದೆ. ಅವರು ದಾಸವಾಳಕ್ಕೆ ನೀರು ಬಿಡುತ್ತಿದ್ದರು.

“ಕಾಂಬಳೆಯವರ, ನಿಮ್ಮ ಪಕ್ಷದ ಮಾಲು ನಾ ಮಾರ್ತೇನ್ರಿ. ತಪ್ಪಿದ್ರ ಹೇಳ್ರಿ.”

ಅವರು ನನ್ನನ್ನು ಅನುಮಾನದಿಂದ ನೋಡಿದರು. ಹೊನವಾಡದ ಕತೆಯನ್ನು ಚುಟುಕಾಗಿ ಹೇಳಿ ಶುರು ಮಾಡಿದೆ. ಸರ್ಕಾರ ಖರ್ಚು ಮಾಡಬೇಕು ಎನ್ನುತ್ತದೆ ನಿಮ್ಮ ಪಕ್ಷ, ಖರ್ಚು ಮಾಡಿದ್ದರಿಂದಲೇ ಎಷ್ಟೋ ಮನೆ ಮೇಲೆದ್ದವು ಎಂದೆ. ವಾರಗಟ್ಟಲೆ ಬೈಯಲು ಸಿಕ್ಕ ಮಾತು ಈಗ ಎರಡು ಸಾಲಿಗೂ ಸಾಲಲಿಲ್ಲ. ಅವರೇ ಮೆಲ್ಲಗೆ ಜೋಡಿಸಿದರು: “ಸರ್ಕಾರಿ ಹಾಸ್ಟೆಲ್ಲಿನ ಊಟ ಇರದಿದ್ರ ನಾ ಕಲೀತಿದ್ದಿಲ್ರಿ. ಅದನ್ನ ಹೇಳ್ರಿ.” ನಾನು ಅದನ್ನು ಹೇಳಿದೆ. ಆಮೇಲೆ, ಖರ್ಚಿನ ಹಣ ಎಲ್ಲಿಂದ ಬಂತೆಂದು ಅವರ ಪಕ್ಷ ಹೇಳುವುದಿಲ್ಲವೆಂಬ ಕಪ್ಪನ್ನೂ ತೋರಿಸಿದೆ. “ಅದು ಕರೀದ ಐತ್ರಿ,” ಎಂದು ಒಪ್ಪಿ, ಪೈಪನ್ನು ಕೆಳಗಿಟ್ಟು, ಬಟ್ಟಲಿನಿಂದ ಒಂದು ಹಿಡಿ ತೆಗೆದುಕೊಂಡರು.

“ಇನ್ನ ನಿಮ್ಮದು ನಾ ಮಾರ್ಲೇನ್ರಿ?”

ಹ್ಞೂಂ ಎಂದೆ.

“ಮುಂಜಾನೆ ಹೋಗಿ ಸಂಜಿಕ ಸೋತು ಬರ್ತೀರಿ. ದಿನಾ ಇಲ್ಲಿಂದ ನೋಡ್ತೇನಿ. ಪಗಾರ ಕೈಗೆ ಬರೂದ್ರಾಗ ತೆರಿಗಿ ಹಿಡಕೊಂಡ ಬಿಟ್ಟಿರ್ತಾರ. ಅದು ಎಲ್ಲಿ ಹೋಗ್ತೈತಿ ಅಂತ ನೀವು ಕೇಳೂದು ಖರೇ ಐತ್ರಿ. ಕೇಳಾಕ ಬೇಕು.”

ನಾನು ಗುಂಪಿನಲ್ಲಿ ವಾರವಿಡೀ ಹೇಳಲು ಒದ್ದಾಡಿದ್ದು ಇಷ್ಟನ್ನೇ. ಅವರ ಬಾಯಲ್ಲಿ ಅದನ್ನು ಕೇಳಿ ಕಣ್ಣು ತುಂಬಿ ಬಂತು. ಅವರು ಅಂಗೈಯ ಒಣದ್ರಾಕ್ಷಿಯನ್ನು ಬೆರಳಿನಿಂದ ಸರಿಸುತ್ತ, “ಇನ್ನ ನಿಮ್ಮ ಕರೀದಂದ್ರ...” ಎಂದು ಶುರು ಮಾಡಿದರು.

“ತಡೀರಿ,” ಎಂದೆ. “ಅದನ್ನ ನಾನ ಹೇಳ್ತೇನಿ.”