ಕರಡಿಗೆಯ ಕೆಳಗಿನ ಗಾಯ

ಗುರುಪಾದಯ್ಯನವರಷ್ಟು ಹಟಮಾರಿ ನಮ್ಮ ಕಾಶಿ ಮಠದಲ್ಲಿ ಇನ್ನೊಬ್ಬರಿರಲಿಲ್ಲ. ಕರ್ನಾಟಕದಿಂದ ಬರುವ ಯಾತ್ರಿಕರನ್ನು ಕಂಟೋನ್ಮೆಂಟ್ ಸ್ಟೇಷನ್ನಿನಿಂದ ಕರೆತಂದು, ಕೋಣೆ ಕೊಡಿಸಿ, ಗಂಗಾಸ್ನಾನ ಮಾಡಿಸಿ ಕಳಿಸುವುದು ಅವರ ಕೆಲಸ. ಯಾತ್ರಿಕರ ಜೊತೆ ವಿಜಯಪುರದ ಕನ್ನಡ, ಆಟೋದವರ ಜೊತೆ ಭೋಜಪುರಿಯಲ್ಲಿ ಜಗಳ. ಜಗಳದಲ್ಲಿ ಅವರು ಸೋತದ್ದನ್ನು ನಾನು ನೋಡಿಲ್ಲ. ಮಠದ ಕಚೇರಿಯಲ್ಲಿ ಕೂತ ನನಗೆ ಅವರ ಗಂಟಲು ಕೇಳಿಯೇ ಜನ ಬಂದರೆಂದು ಗೊತ್ತಾಗುತ್ತಿತ್ತು.

ಜಂಗಮರಾದ್ದರಿಂದ ಇಷ್ಟಲಿಂಗ ಅವರ ಮೈಬಿಟ್ಟು ಇರುವಂತಿರಲಿಲ್ಲ. ಲಿಂಗವನ್ನಿಟ್ಟು ದಾರದಲ್ಲಿ ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಕರಡಿಗೆ ಮೊದಲು ಬೆಳ್ಳಿಯದಿತ್ತು. ಕೆಲವು ವರ್ಷಗಳ ಹಿಂದೆ ಮಗಳು ವರ್ಷಿಣಿಯ ಮದುವೆಯಲ್ಲಿ ಅದನ್ನು ಅಳಿಯನಿಗೆ ಕೊಟ್ಟು, ತಮಗೆ ಠಠೇರಿ ಬಜಾರಿನಿಂದ ಜರ್ಮನ್ ಸಿಲ್ವರಿನದೊಂದು ತಂದುಕೊಂಡರು. ಅದು ಹೆಸರಿಗಷ್ಟೇ ಬೆಳ್ಳಿ. ಇರುವುದೆಲ್ಲ ತಾಮ್ರ, ಸತು, ನಿಕ್ಕಲ್. ಆ ಬೇಸಗೆಯಲ್ಲೇ ಕರಡಿಗೆ ತಾಗುವ ಕಡೆ, ಹೊಟ್ಟೆಯ ಮೇಲ್ಭಾಗದಲ್ಲಿ, ಕಡಿತ ಶುರುವಾಯಿತು. ಕೆರೆದು ಕೆರೆದು ಚರ್ಮ ಕಿತ್ತು ನೀರು ಸೋರಿತು.

ಬೇರೆ ಯಾರಾದರೂ ಮುಲಾಮು ಹಚ್ಚುತ್ತಿದ್ದರು. ಇವರು ವಿಭೂತಿ ಬಳಿದರು. ಬನಿಯನ್ನಿನ ಕಲೆ ಕಂಡು ಹೆಂಡತಿ ಜಗದಾಂಬ ಕೇಳಿದರೆ ಸೆಕೆ ಎಂದು ಬಾಯಿ ಮುಚ್ಚಿಸಿದರು. ಕಟ್ಟಿಕೊಂಡ ಲಿಂಗವೇ ತಮ್ಮ ಮೈಯನ್ನು ಒಲ್ಲೆ ಅನ್ನುತ್ತಿದೆ ಎಂಬ ಭಯ ಅವರ ತಲೆ ಹೊಕ್ಕಿತ್ತು. ಇದು ನಮಗೆ ತಿಳಿದದ್ದು ಬಹಳ ತಡವಾಗಿ. ತಿಳಿದಾಗ ಅಯ್ಯೋ ಅನ್ನಿಸಿತು. ಲಿಂಗಕ್ಕೇ ಬೇಡವಾದ ಜಂಗಮ ಎಂದು ಆ ಮನುಷ್ಯ ಯಾರ ಹತ್ತಿರ ಹೇಳಿಕೊಂಡಾರು?

ಹೋದ ಮಾಘದಲ್ಲಿ ದಶಾಶ್ವಮೇಧ ಘಾಟಿನ ಮೆಟ್ಟಿಲ ಮೇಲೆ, ಯಾತ್ರಿಕರ ನಡುವೆಯೇ, ಎದೆ ಹಿಡಿದುಕೊಂಡು ಕೂತುಬಿಟ್ಟರು. ಆಸ್ಪತ್ರೆಗೆ ಸೇರಿಸಿದೆವು. ಹೃದಯದ ಡಾಕ್ಟರು ಮಾಧವಿ ನಮ್ಮ ದಾವಣಗೆರೆಯವರು ಎಂದು ತಿಳಿದಾಗ ನಮಗೆ ಅರ್ಧ ಜೀವ ಬಂದಂತಾಯಿತು.

“ಅಯ್ನೋರೆ, ಡಬ್ಬಿ ಮಾತ್ರ ತೆಗೀರಿ, ಲಿಂಗ ದೂರ ಇಡೋದು ಬೇಡ. ಬಟ್ಟೇಲಿ ಸುತ್ತಿ ತೋಳಿಗೆ ಕಟ್ಕೊಳ್ಳಿ, ಸಾಕು” ಎಂದರು ಡಾಕ್ಟರು.

ಆಚಾರ ಬಲ್ಲವರ ಮರ್ಯಾದೆ ಅದು. ಲಿಂಗವನ್ನು ತೋಳಿಗೆ ಕಟ್ಟಿಕೊಂಡ ಗುರುಪಾದಯ್ಯ ಪಂಚೆಯನ್ನು ಮೇಲಕ್ಕೆಳೆದು ಗಾಯ ಮುಚ್ಚಿಕೊಂಡರು.

“ರಕ್ತನಾಳದೊಳಗೆ ಲೋಹದ ಸ್ಟೆಂಟ್ ಕೂರಿಸ್ತೀವಿ. ವಾಚು, ಬೆಲ್ಟಿನ ಬಕಲ್, ಯಾವುದಾದ್ರೂ ಲೋಹ ತಾಗಿದ್ರೆ ಮೈ ಕಡಿಯುತ್ತಾ ನಿಮಗೆ?”

“ಏನೂ ಇಲ್ಲ ಬಿಡ್ರಿ.”

ಜಗದಾಂಬ ಏನೋ ಹೇಳಲು ಬಾಯಿ ತೆರೆದರು. ಗಂಡ ಕಣ್ಣು ಬಿಟ್ಟರು. ಆಕೆ ಸೆರಗು ಸರಿಮಾಡಿಕೊಂಡು ಹಿಂದೆ ಸರಿದರು. ನೆನೆಸಿಕೊಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಹೌದು ಅಂದಿದ್ದರೆ ಯಾರ ಗಂಟು ಹೋಗುತ್ತಿತ್ತು?

ಸ್ಟೆಂಟ್ ಹಾಕಿ ಕಳಿಸಿದರು. ಮಾತ್ರೆ ತಪ್ಪಿಸಲಿಲ್ಲ, ಕರಡಿಗೆಯನ್ನೂ ಬಿಡಲಿಲ್ಲ. ಶ್ರಾವಣದಲ್ಲಿ ಮತ್ತೆ ನೋವು ಬಂತು. ಸ್ಟೆಂಟ್ ಹಾಕಿದ ಜಾಗದಲ್ಲೇ ನಾಳ ಕಟ್ಟಿಕೊಂಡಿತ್ತು. ಈ ಸಲ ಪಂಚೆ ಸಡಿಲಿಸಿದ ನರ್ಸು ಗಾಬರಿಯಾಗಿ ಡಾಕ್ಟರನ್ನು ಕರೆದಳು. ಮಾಧವಿ ಆ ಹುಣ್ಣನ್ನು ನೋಡಿದರು, ಪಕ್ಕದಲ್ಲಿ ತೂಗುತ್ತಿದ್ದ ಕರಡಿಗೆಯನ್ನು ನೋಡಿದರು. ಅವರ ಮುಖ ಸಪ್ಪಗಾಯಿತು.

“ಇದು ಈ ಡಬ್ಬಿ ತಾಗಿ ಆಗಿರೋ ನಿಕ್ಕಲ್ ಅಲರ್ಜಿ ಥರ ಕಾಣುತ್ತೆ. ಸ್ಟೆಂಟಲ್ಲೂ ನಿಕ್ಕಲ್ ಇದೆ. ಕೆಲವರ ಮೈ ಅದನ್ನ ಸಹಿಸಲ್ಲ, ಒಳಗೆ ಊದಿಕೊಂಡು ನಾಳ ಮತ್ತೆ ಮುಚ್ಚಬಹುದು ಅಂತಾರೆ. ನಿಮಗೂ ಹಾಗೇ ಆಯ್ತು ಅಂತ ಗಟ್ಟಿಯಾಗಿ ಹೇಳೋಕಾಗಲ್ಲ. ಆದ್ರೆ ಅವತ್ತೇ ಹೇಳಿದ್ರೆ ಬೇರೆ ದಾರಿ ಯೋಚಿಸ್ತಿದ್ದೆ. ಈಗ ಬೈಪಾಸ್ ಒಂದೇ ಉಳಿದಿರೋದು.”

ಇಷ್ಟರಲ್ಲಿ ಗುರುಪಾದಯ್ಯನವರ ಕಿವಿಗೆ ಬಿದ್ದದ್ದು ಒಂದೇ ಮಾತು.

“ಅಂದ್ರ ಇದು ಡಬ್ಬಿ ಕಾಟ ಏನ್ರಿ? ಲಿಂಗದ್ದಲ್ಲ?”

“ಲಿಂಗಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ, ಅಯ್ನೋರೆ.”

ಆಟೋದವರನ್ನು ನಡುಗಿಸುತ್ತಿದ್ದ ಮನುಷ್ಯ ಬಿಕ್ಕಿ ಬಿಕ್ಕಿ ಅತ್ತರು. ದಿನಾ ಪೂಜೆಗೆ ಕೂತಾಗ ಏನು ತಪ್ಪು ಮಾಡಿದೆನೆಂದು ಲಿಂಗವನ್ನೇ ಕೇಳುತ್ತಿದ್ದುದನ್ನು, ಉತ್ತರ ಸಿಗದೆ ವಿಭೂತಿ ಬಳಿದುಕೊಂಡು ಏಳುತ್ತಿದ್ದುದನ್ನು ಆಗ ಹೇಳಿದರು. ಅತ್ತು ಮುಗಿದ ಮೇಲೆ ಅವರ ಮುಖದಲ್ಲಿ ಎಂಥ ಸಮಾಧಾನ! ನನಗಂತೂ ಅದನ್ನು ನೋಡಲಾಗಲಿಲ್ಲ.

“ಲಿಂಗ ನನ್ನ ಬಿಟ್ಟಿಲ್ಲ. ಇನ್ನ ಸಾಯಾಕ ನನಗ ಅಂಜಿಕಿ ಇಲ್ಲ ನೋಡ” ಎಂದು ಹೆಂಡತಿಯ ಕಡೆ ಕೈ ಚಾಚಿದರು.

“ನಿಮಗಿಲ್ರಿ, ನನಗೈತಿ” ಎಂದರು ಜಗದಾಂಬ. “ಇಷ್ಟು ವರ್ಷ ಲಿಂಗಕ್ಕ ಕೇಳಿದ್ರಿ. ಒಂದ್ಸಲ ನನಗ ಹೇಳಿದ್ರ ಏನಾಗ್ತಿತ್ತು?”

ಚಾಚಿದ ಕೈಯನ್ನು ಆಕೆ ಹಿಡಿಯಲಿಲ್ಲ. ಮುಖ ತಿರುಗಿಸಿ ಕೂತರು. ಮರುದಿನ ಬೆಳಿಗ್ಗೆ ಆಪರೇಷನ್ ಇತ್ತು. ಅಷ್ಟರೊಳಗೆ ಗುರುಪಾದಯ್ಯ ಹೋಗಿಬಿಟ್ಟರು. ಜಗದಾಂಬನವರ ಸಿಟ್ಟು ಆಗಿನ್ನೂ ಇಳಿದಿರಲಿಲ್ಲ.